ಹೂಗುಚ್ಛ ಬೇಡವೆಂದ ಪುಲ್ಶೆರಿ

ವಾಂಬಾ ಮೇಷ್ಟ್ರು ಪುಲ್ಶೆರಿಯನ್ನು ಮೊದಲು ನೋಡಿದ್ದು ಒಂದು ಭಾನುವಾರ, ಇಗರ್ಜಿ ಬಿಟ್ಟ ಮೇಲೆ. ಬಾಫುಸಾಂ ಪೇಟೆಯ ಹೊಲಿಗೆ ಅಂಗಡಿಯೊಂದರ ಮೇಲಿನ ಕೋಣೆಯಲ್ಲಿ ಅವರು ಜರ್ಮನ್ ಹೇಳಿಕೊಡುತ್ತಿದ್ದರು. ಗಿಡ್ಡನೆಯ ಹುಡುಗಿಯೊಬ್ಬಳು ಬಾಗಿಲಲ್ಲಿ ಬಂದು ನಿಂತಳು. ಇಗರ್ಜಿಗೆಂದು ತೊಟ್ಟ ಹಳದಿ ಲಂಗ, ಅದರ ಅಂಚಿಗೆಲ್ಲ ಕೆಂಪು ಧೂಳು, ಕಂಕುಳಲ್ಲಿ ಕಾಲು ಕಟ್ಟಿದ ಕೋಳಿ.

“ಅಜ್ಜಿ ಕಳ್ಸಿದ್ದು ಮೇಷ್ಟ್ರೇ. ಫೀಜು ಅಮ್ಮ ಕೊಡ್ತಾಳೆ, ಇದು ಬೇರೆ.”

“ಇದ್ಯಾಕಮ್ಮ?”

“ನಾನು ತುಂಬಾ ಮಾತಾಡ್ತೀನಂತೆ. ತಡ್ಕೊಳ್ಳೋಕೆ ನಿಮಗೆ ಶಕ್ತಿ ಬೇಕಲ್ಲ!”

ಕೋಳಿ ಮೇಜಿನ ಕೆಳಗೆ ಬಿದ್ದುಕೊಂಡು ಅಂದಿನ ಪಾಠವನ್ನೆಲ್ಲ ಕೇಳಿತು. ನಡುವೆ ಒಮ್ಮೆ ಸೀಮೆಸುಣ್ಣ ನುಂಗಲು ನೋಡಿತು.

ಪುಲ್ಶೆರಿ ಆಗ ಹೈಸ್ಕೂಲಿನ ಕೊನೆಯ ವರ್ಷದಲ್ಲಿದ್ದಳು. ಜರ್ಮನಿಯ ಲೈಪ್‌ಜಿಗ್‌ನಲ್ಲಿ ಅವಳಿಗೆ ಎಂಜಿನಿಯರಿಂಗ್ ಸೀಟು ಸಿಕ್ಕಿತ್ತು. ಭಾಷಾ ಪರೀಕ್ಷೆ ಪಾಸಾದರೆ ಮಾತ್ರ ಅದು ಅವಳದು. ಓದು, ಬರಹ ಎಲ್ಲ ದಾಟಿದ್ದಳು. ಮಾತಿನ ಪರೀಕ್ಷೆಯಲ್ಲಿ ಮಾತ್ರ ಡುಮ್ಕಿ. ಪರೀಕ್ಷಕಿಯ ಗಂಡನ ಕ್ಷೇಮ, ಮಕ್ಕಳ ಕ್ಷೇಮ, ತವರಿನ ಕ್ಷೇಮ ವಿಚಾರಿಸುವಷ್ಟರಲ್ಲಿ ಹೊತ್ತು ಮುಗಿದಿತ್ತು. ಹಿರಿಯರೆದುರು ಕೂತು ಕ್ಷೇಮ ಕೇಳದೆ ಮಾತು ತೆಗೆಯುವುದು ಹೇಗೆಂದು ಅವಳಿಗೆ ಗೊತ್ತೇ ಇರಲಿಲ್ಲ. ಇನ್ನೊಂದೇ ಅವಕಾಶ ಉಳಿದಿತ್ತು.

ಈ ನಾಲಗೆಗೆ ಕಡಿವಾಣ ಹಾಕಬೇಕು ಎಂದು ಮೇಷ್ಟ್ರು ತೀರ್ಮಾನಿಸಿದರು. ಪರೀಕ್ಷೆಯಲ್ಲಿ ಇಬ್ಬರನ್ನು ಎದುರುಬದುರು ಕೂರಿಸಿ, ಒಂದು ಕೆಲಸವನ್ನು ಹೇಗೆ ಮಾಡುವುದೆಂದು ಸೇರಿ ಚರ್ಚಿಸಿ ಎನ್ನುತ್ತಾರೆ. ಆಸ್ಪತ್ರೆಯಲ್ಲಿರುವ ಗೆಳತಿಯನ್ನು ನೋಡಲು ಹೋಗುವ ವಿಷಯ ಕೊಟ್ಟು ಅಭ್ಯಾಸ ಮಾಡಿಸಿದರು.

“ಮನೆಮಂದಿಯೆಲ್ಲ ಹೋಗೋದು,” ಎಂದಳು ಪುಲ್ಶೆರಿ. “ಚಾಪೆ, ಪಾತ್ರೆ ತಗೊಂಡು. ಅತ್ತೆ ಮಂಚದ ಪಕ್ಕ ಮಲ್ಕೋತಾಳೆ. ಇಗರ್ಜಿಯ ಹಾಡುಗಾರರೂ ಬರ್ಲಿ.”

“ಜರ್ಮನ್ನರು ಪೊಲೀಸರನ್ನ ಕರೀತಾರೆ ಕಣೆ! ಹೂಗುಚ್ಛ ಒಂದು, ಕಾರ್ಡು ಒಂದು, ಅರ್ಧ ಗಂಟೆ ಕೂತು ಎದ್ದು ಬರೋದು.”

“ಹೂವಾ? ಅವಳಿನ್ನೂ ಸತ್ತಿಲ್ವಲ್ಲ ಮೇಷ್ಟ್ರೇ! ಹೂ ಇಡೋದು ಹೆಣದ ಪೆಟ್ಟಿಗೆ ಮೇಲೆ.”

ತರಗತಿಯೆಲ್ಲ ನಕ್ಕಿತು. ಮೇಷ್ಟ್ರು ನಗಲಿಲ್ಲ. ಹೂ, ಕಾರ್ಡು, ಅರ್ಧ ಗಂಟೆ ಎಂದು ಬಾಯಿಪಾಠ ಮಾಡಿಸಿಯೇ ಬಿಟ್ಟರು.

ಪರೀಕ್ಷೆಯ ದಿನ ರಾಜಧಾನಿ ಯಾವುಂದೆಗೆ ಬಸ್ಸಿನಲ್ಲಿ ತಾವೂ ಜೊತೆಗೆ ಹೋದರು. ಗೇಟಿನ ಹೊರಗೆ ಸುಟ್ಟ ಬಾಳೆಕಾಯಿ ತಿನ್ನುತ್ತಾ ಕಾದರು. ಪುಲ್ಶೆರಿ ಬೆವರು ಒರೆಸಿಕೊಳ್ಳುತ್ತಾ ಹೊರಬಂದಳು.

“ಅದೇ ವಿಷಯ ಬಂತು, ಆಸ್ಪತ್ರೆದು!”

“ಬದುಕ್ದೆ! ನಾನು ಹೇಳಿದಂಗೇ ಹೇಳ್ದೆ ತಾನೇ?”

“ಹೇಳ್ದೆ. ಹೂ, ಕಾರ್ಡು, ಅರ್ಧ ಗಂಟೆ. ಆದ್ರೆ ಜೊತೆಗಿದ್ದ ಹುಡುಗ, ಕಡಲ ತೀರದ ದುವಾಲಾದ ಎಪಾಲೆ ಅಂತ, ಅವನೂ ಅದನ್ನೇ ಹೇಳ್ಬಿಟ್ಟ. ಅವನಿಗೂ ಯಾರೋ ನಿಮ್ಮಂಥ ಮೇಷ್ಟ್ರು ಸಿಕ್ಕಿರ್ಬೇಕು.”

“ಆಮೇಲೆ?”

“ಆಮೇಲೇನು? ಇಬ್ರದ್ದೂ ಒಪ್ಪಿಗೆ ಆಗೋಯ್ತು, ಮಾತೇ ಇಲ್ಲ. ಪರೀಕ್ಷಕಿ ಕನ್ನಡಕ ಒರೆಸ್ತಾ ಕೂತ್ರು. ಲೈಪ್‌ಜಿಗ್ ಹೋಯ್ತು ಅಂದ್ಕೊಂಡೆ. ಹೆಂಗೂ ಹೋಗೋದು ಹೋಯ್ತು ಅಂತ, ‘ಹೂ ಬೇಡ, ನಮ್ಮ ಕೆಸುವಿನ ಗೆಡ್ಡೆ, ಹಳದಿ ಸಾರು ಒಯ್ಯೋಣ’ ಅಂದೆ. ಅವನ ಮುಖ ಅರಳ್ತು ನೋಡಿ! ‘ಸಾರು ರೋಗಿಗೆ ಭಾರ, ಸುಟ್ಟ ಮೀನು, ಮರಗೆಣಸಿನ ಕಡುಬು ಸಾಕು’ ಅಂದ. ‘ನಿಮ್ಮೂರ ಮೀನಿನ ಮುಳ್ಳು ಗಂಟಲಿಗೆ ಸಿಕ್ಕಿದ್ರೆ ಇನ್ನೊಂದು ಮಂಚ ಬೇಕಾಗುತ್ತೆ’ ಅಂದೆ. ಜಗಳ ಶುರು.”

“ಯಾವ ಭಾಷೇಲೇ?” ಮೇಷ್ಟ್ರು ಬಾಳೆಕಾಯಿ ತಿನ್ನುವುದನ್ನು ನಿಲ್ಲಿಸಿದರು.

“ಜರ್ಮನ್‌ನಲ್ಲೇ! ನಮ್ಮಿಬ್ರಿಗೂ ಬರೋ ಫ್ರೆಂಚಲ್ಲಿ ಬೈಯೋ ಹಂಗಿಲ್ವಲ್ಲ ಅಲ್ಲಿ. ರಾತ್ರಿ ರೋಗಿ ಪಕ್ಕ ಯಾರು ಮಲ್ಕೋಬೇಕು ಅನ್ನೋದು ಇತ್ಯರ್ಥ ಆಗ್ಲೇ ಇಲ್ಲ. ಪರೀಕ್ಷಕಿ ಎರಡು ಸಲ ‘ಸಾಕು’ ಅನ್ಬೇಕಾಯ್ತು.”

ಮೇಷ್ಟ್ರು ಉಳಿದ ಬಾಳೆಕಾಯಿಯನ್ನು ಅವಳ ಕೈಗಿಟ್ಟು, ಬಸ್ಸಿನಲ್ಲಿ ಊರು ಮುಟ್ಟುವವರೆಗೂ ಕಣ್ಣು ಮುಚ್ಚಿಕೊಂಡು ಕೂತರು.

ಫಲಿತಾಂಶ ಬಂತು. ವ್ಯಾಕರಣ ಅಷ್ಟಕ್ಕಷ್ಟೇ. ಆದರೂ ಮಾತಿನಲ್ಲಿ ಪಾಸು, ಅದೂ ಒಳ್ಳೆಯ ಅಂಕದಲ್ಲಿ. ಆ ಸಂಜೆಯೇ ವಾಂಬಾ ಮೇಷ್ಟ್ರು ಕೆಳಗಿನ ದರ್ಜಿಗೆ ಹೇಳುತ್ತಿದ್ದರು: “ಮಕ್ಕಳನ್ನ ಜಗಳ ಆಡಿಸಿ ಕಲಿಸ್ಬೇಕಪ್ಪಾ. ಮೊದ್ಲಿಂದ್ಲೂ ನನ್ನ ಪದ್ಧತಿ ಅದೇ.” ಪಕ್ಕದಲ್ಲೇ ಇದ್ದ ಪುಲ್ಶೆರಿ, ಜೀವಮಾನದಲ್ಲಿ ಒಮ್ಮೆ, ಸುಮ್ಮನಿದ್ದಳು.

ಅವಳೀಗ ಲೈಪ್‌ಜಿಗ್‌ನಲ್ಲಿ ಸೇತುವೆ ಕಟ್ಟುವ ಎಂಜಿನಿಯರಿಂಗ್ ಓದುತ್ತಿದ್ದಾಳೆ. ಶನಿವಾರಗಳಂದು ಬೇಕರಿಯೊಂದರಲ್ಲಿ ಬ್ರೆಡ್ ಮಾರುತ್ತಾಳೆ.