ಶ್ರೀ ಮೈಸೂರು ಮೈನ್ಸ್ ಅವರಿಗೆ

ಮೊನ್ನೆ ಅಂಚೆಯಲ್ಲಿ ಒಂದು ಮದುವೆ ಕಾಗದ ಬಂತು. ಲಕೋಟೆ ಒಡೆಯುತ್ತಿದ್ದಂತೆ ಮೂಲೆಗೆ ಹಚ್ಚಿದ ಅರಿಶಿನದ ವಾಸನೆ ಮೂಗಿಗೆ ಬಡಿಯಿತು. ಕನ್ನಡಕ ಹುಡುಕಿಕೊಂಡು ಬಂದು ಓದಿದೆ. ಹುಡುಗನ ಹೆಸರು, ಹೊಸೂರಿನ ಕಲ್ಯಾಣ ಮಂಟಪ, ಮುಹೂರ್ತ, ಎಲ್ಲ ಕ್ರಮವಾಗಿಯೇ ಇತ್ತು. ಹುಡುಗಿಯ ಹೆಸರಿನ ಮುಂದೆ ಮಾತ್ರ ‘ಮೈಸೂರು ಮೈನ್ಸ್’ ಎಂದು ಅಚ್ಚಾಗಿತ್ತು. ಅದು ಕೆ.ಜಿ.ಎಫ್.ನ ಒಂದು ಚಿನ್ನದ ಗಣಿ. ವಿಳಾಸವಲ್ಲ ನೋಡಿ, ಹೆಸರೇ! ಕುಲಕರ್ಣಿ, ದೇಶಪಾಂಡೆ ಅಂತಾರಲ್ಲ, ಹಾಗೆ. ಅವಳ ತಂದೆಯ ಹೆಸರಿಗೂ ಅದೇ ಬಾಲ, ಅಜ್ಜಿ ಮುನಿಯಮ್ಮನ ಹೆಸರಿಗೂ ಅದೇ ಬಾಲ.

ನಾನು ಜೋರಾಗಿ ನಕ್ಕುಬಿಟ್ಟೆ. “ಏನಕ್ಕಾ, ಒಬ್ಬಳೇ ನಗ್ತಿದೀಯ?” ಎಂದು ತಂಗಿ ಅಡುಗೆಮನೆಯಿಂದ ಬಂದಳು. ಅಷ್ಟು ಹೊತ್ತಿಗೆ ನನ್ನ ಕಣ್ಣಲ್ಲಿ ನೀರು. ಅವಳು ಗಾಬರಿಯಾಗಿ ಕಾಗದ ಕಿತ್ತುಕೊಂಡು ನೋಡಿದಳು, ಏನೂ ತಿಳಿಯದೆ ವಾಪಸು ಕೊಟ್ಟಳು. ಹೇಗೆ ತಿಳಿಯಬೇಕು? ಆ ಮನೆತನಕ್ಕೆ ಆ ಹೆಸರಿಟ್ಟವಳು ನಾನು. ತೊಟ್ಟಿಲಿಲ್ಲ, ಸೋಬಾನೆಯಿಲ್ಲ, ಕಂಪ್ಯೂಟರಿನ ಮುಂದೆ ಕೂತು ಮಾಡಿದ ನಾಮಕರಣ ಅದು.

ಎಪ್ಪತ್ತರ ದಶಕದ ಕೊನೆಯಲ್ಲಿ ನಾನು ಕೆ.ಜಿ.ಎಫ್.ನ ಒಂದು ವಿಮಾ ಕಂಪನಿಯ ಶಾಖೆಗೆ ಟೈಪಿಸ್ಟಾಗಿ ಸೇರಿದೆ. ಬಂಗಾರಪೇಟೆಯಿಂದ ಬೆಳಗಿನ ರೈಲು ಹಿಡಿದರೆ, ಅರ್ಧ ಓದಿದ ವಾರಪತ್ರಿಕೆ ಕೈಯಲ್ಲಿರುವಾಗಲೇ ಊರು ಬಂದುಬಿಡುತ್ತಿತ್ತು. ಹತ್ತು ವರ್ಷವಾದ ಮೇಲೆ ಆಫೀಸಿಗೆ ಕಂಪ್ಯೂಟರ್ ಬಂತು. ಕಪ್ಪು ಪರದೆ, ಹಸಿರು ಅಕ್ಷರ. ಅದನ್ನಿಟ್ಟ ಕೋಣೆಗೆ ಚಪ್ಪಲಿ ಬಿಟ್ಟು ಹೋಗಬೇಕಿತ್ತು. ಆಯುಧಪೂಜೆಯ ದಿನ ಅದರ ಹಣೆಗೂ ಕುಂಕುಮ. ಬೆಂಗಳೂರಿನಲ್ಲಿ ಮೂರು ವಾರ ತರಬೇತಿ ಪಡೆದು ಬಂದ ನಾನು ಆ ಗರ್ಭಗುಡಿಯ ಅರ್ಚಕಿ. ಆ ದಿನಗಳ ನನ್ನ ಜಂಬ ನೆನೆದರೆ ಈಗ ನನಗೇ ನಾಚಿಕೆಯಾಗುತ್ತದೆ.

ನನ್ನ ಪಕ್ಕದ ಮೇಜು ಚೌಡಪ್ಪನವರದು. ರೆಕಾರ್ಡ್ ಕ್ಲರ್ಕು, ಬೇತಮಂಗಲದ ಕಡೆಯ ಒಕ್ಕಲು ಮನೆಯವರು, ಬುತ್ತಿಯಲ್ಲಿ ಮುದ್ದೆ ಬಸ್ಸಾರು ಇಲ್ಲದ ದಿನವಿಲ್ಲ. ನಮ್ಮ ಆಫೀಸಿನಲ್ಲಿ ಯಾವ ಕಾಗದಕ್ಕೂ ಎರಡು ಸಹಿ ಬೇಕು. ಎಡಗಡೆ ‘ಬರೆದವರು’, ಬಲಗಡೆ ‘ನೋಡಿದವರು’. ಬರೆದವಳು ನಾನು. ನೋಡಿದವರ ಜಾಗದಲ್ಲಿ ಚೌಡಪ್ಪನವರು ಕೆಂಪು-ನೀಲಿ ಪೆನ್ಸಿಲಿನ ನೀಲಿ ತುದಿಯಿಂದ ‘ಚೌ’ ಎಂದು ಒಂದಕ್ಷರ ಹಾಕುತ್ತಿದ್ದರು. ತಪ್ಪಿದ್ದರೆ ಪೆನ್ಸಿಲು ತಿರುಗಿಸಿ ಕೆಂಪು ತುದಿ. ಬೈಯುತ್ತಿರಲಿಲ್ಲ, ಕೆಂಪು ಗೆರೆಯ ಪಕ್ಕ ಒಂದು ಕಡಲೆಕಾಯಿ ಇಟ್ಟು ಹೋಗುತ್ತಿದ್ದರು. ಎಷ್ಟೋ ದಿನ ಕಡಲೆಕಾಯಿಯ ಆಸೆಗೇ ತಪ್ಪು ಮಾಡಿದ್ದೇನೆ.

ಆ ಹಳೆಯ ಪ್ರೋಗ್ರಾಮಿನಲ್ಲಿ ಪ್ರತಿಯೊಬ್ಬರ ಹೆಸರಿನ ಕೊನೆಯಲ್ಲೂ ‘ಷರಾ’ ಎಂದು ಮೂವತ್ತು ಅಕ್ಷರದ ಒಂದು ಖಾಲಿ ಜಾಗವಿತ್ತು. ಯಾರೂ ಅದನ್ನು ಬಳಸುತ್ತಿರಲಿಲ್ಲ, ಚೌಡಪ್ಪನವರೊಬ್ಬರನ್ನು ಬಿಟ್ಟು. ಅವರು ಹೇಳುತ್ತಿದ್ದರು, ನಾನು ಟೈಪು ಮಾಡುತ್ತಿದ್ದೆ: ‘ಮೈಸೂರು ಮೈನ್ಸ್, ಕೆಮ್ಮು.’ ‘ಬೇತಮಂಗಲ, ಎರಡು ಎಮ್ಮೆ.’ ‘ಹೆಂಡತಿಗೆ ತಮಿಳಲ್ಲಿ ಹೇಳಿ.’ ಇದೆಂಥ ಹುಚ್ಚು ಎಂದು ನನಗೆ ಅನ್ನಿಸುತ್ತಿತ್ತು. ಆದರೆ ಆ ಸೀಮೆಯಲ್ಲಿ ಊರಿಗೊಬ್ಬ ಮುನೇಶ್ವರ, ಮನೆಗೊಬ್ಬ ಮುನಿಯಪ್ಪ. ಅವನ ಅಪ್ಪ ಮುನಿಸ್ವಾಮಪ್ಪ, ಹೆಂಡತಿ ಮುನಿಯಮ್ಮ. ಹುಟ್ಟಿದ ತಾರೀಖು ಯಾರಿಗೂ ಗೊತ್ತಿಲ್ಲ, ಆದ್ದರಿಂದ ಎಲ್ಲರಿಗೂ ಜುಲೈ ಒಂದು. ಇಷ್ಟು ಜನ ಮುನಿಯಪ್ಪಂದಿರಲ್ಲಿ ಇಂಥವನು ಎಂದು ಗುರುತು ಹಿಡಿಯಲು ಆ ಮೂವತ್ತು ಅಕ್ಷರವಲ್ಲದೆ ಬೇರೆ ದಾರಿಯಿರಲಿಲ್ಲ.

ತೊಂಬತ್ತರ ದಶಕ ಮುಗಿಯುತ್ತಿದ್ದಾಗ ಹೆಡ್ಡಾಫೀಸಿನವರು ಹಳೆಯದನ್ನೆಲ್ಲ ತೆಗೆದು ‘ಇ.ಆರ್.ಪಿ.’ ತರುತ್ತೇವೆ ಎಂದರು. ಪಾಲಿಸಿ, ಕ್ಲೇಮು, ನಮ್ಮ ಸಂಬಳ, ರಜೆ, ಗುಂಡುಸೂಜಿಯ ಡಬ್ಬಿ, ಎಲ್ಲವೂ ಒಂದೇ ಒಲೆಯ ಮೇಲೆ ಬೇಯುವ ಏರ್ಪಾಡು ಅದು. ಅದನ್ನು ಕೂರಿಸಲು ಒಬ್ಬ ಯುವ ಸಾಹೇಬರು ಬಂದರು. ಒಳ್ಳೆಯ ಮನುಷ್ಯ, ಆದರೆ ಮದರಾಸಿನಿಂದಾಚೆ ಇಂಥ ಊರುಗಳಿವೆ ಎಂದು ಅವರಿಗೆ ಗೊತ್ತಿದ್ದಂತಿರಲಿಲ್ಲ. ಹೊಸದರಲ್ಲಿ ಷರಾ ಇಲ್ಲ. ಬದಲಿಗೆ ‘ಮನೆತನದ ಹೆಸರು’ ಎಂಬ ಕಡ್ಡಾಯದ ಜಾಗವಿದೆ. ಅದನ್ನು ತುಂಬದಿದ್ದರೆ ಯಂತ್ರ ಮುಂದಕ್ಕೆ ಬಿಡುವುದಿಲ್ಲ. ನಮ್ಮ ಜನಕ್ಕೆ ಎಲ್ಲಿಯ ಮನೆತನದ ಹೆಸರು? ನಾನು ಎಲ್ಲರಿಗೂ ಆ ಜಾಗದಲ್ಲಿ ಒಂದು ಚುಕ್ಕೆ ಇಟ್ಟೆ. ಯಂತ್ರಕ್ಕೆ ಸಮಾಧಾನವಾಯಿತು, ನನಗೂ ಆಯಿತು.

ಆಮೇಲೆ ಯಂತ್ರ ನನ್ನನ್ನೊಂದು ಪ್ರಶ್ನೆ ಕೇಳಿತು. ಹೆಸರು, ತಂದೆಯ ಹೆಸರು, ಹುಟ್ಟಿದ ದಿನ, ಮನೆತನ, ಎಲ್ಲವೂ ಒಂದೇ ಇರುವವರು ಬಹಳ ಜನ ಇದ್ದಾರೆ, ಇವರನ್ನು ಒಬ್ಬರನ್ನಾಗಿ ಕೂಡಿಸಲೇ? ಒಬ್ಬ ಮನುಷ್ಯ, ಒಂದು ಹೆಸರು, ಅದರ ಕೆಳಗೆ ಅವನ ಪಾಲಿಸಿಗಳೆಲ್ಲ. ಎಷ್ಟು ಚೊಕ್ಕಟ! ಕೂಡಿಸು ಎಂದು ಗುಂಡಿ ಒತ್ತಿದೆ. ಸಾಹೇಬರು ನನ್ನ ಕೆಲಸ ಮೆಚ್ಚಿಕೊಂಡರು. ಶನಿವಾರ ಹಳೆಯ ಯಂತ್ರ ನಿಲ್ಲುತ್ತದೆ, ಸೋಮವಾರ ಹೊಸದು ಶುರು ಎಂದು ಗೊತ್ತಾಯಿತು.

ಆ ಶನಿವಾರಕ್ಕೆ ಮುಂಚಿನ ಬುಧವಾರ ಮುನಿಯಮ್ಮ ಬಂದಳು. ಅವಳ ಗಂಡ ಮುನಿಯಪ್ಪ ಮೈಸೂರು ಮೈನ್ಸಿನಲ್ಲಿ ಕಲ್ಲು ಕೊರೆದು ಕೊರೆದು ಎದೆಯ ತುಂಬ ದೂಳು ತುಂಬಿಕೊಂಡವನು, ಷರಾದ ‘ಕೆಮ್ಮು’ ಅವನೇ. ಹಾಸಿಗೆ ಹಿಡಿದು ಆರು ತಿಂಗಳಾಗಿತ್ತು. ಅವಳು ಆಗಾಗ ಬಂದು ಒಂದೇ ಮಾತು ಕೇಳುತ್ತಿದ್ದಳು: “ಅಮ್ಮಾ, ನಮ್ಮೋರ್ ಪೇರು ಐತಾ?” ಹೆಸರು ಇದೆ ಎಂದರೆ ಸಾಕು, ಹೋಗಿಬಿಡುತ್ತಿದ್ದಳು. ಅಂದು ನಾನು ಪರೀಕ್ಷೆಗೆಂದು ಹೊಸ ಪರದೆಯಲ್ಲಿ ಹುಡುಕಿದೆ. ಪಾಲಿಸಿಯೇನೋ ಇತ್ತು. ಅದು ಬೇತಮಂಗಲದ ಮುನಿಯಪ್ಪನ ಹೆಸರಿನ ಕೆಳಗೆ ಹೋಗಿ ಕೂತಿತ್ತು.

“ನಿಮ್ಮ ಯಜಮಾನರು ಬೇತಮಂಗಲದಲ್ಲಿದ್ದರಾ?”

“ಬೇತಮಂಗ್ಲನಾ? ಅಲ್ಲಿಂದ ಬರೋ ನೀರು ಕುಡ್ದವ್ರಮ್ಮ, ಊರು ಕಂಡೋರಲ್ಲ.” ಅವಳು ಮತ್ತೆ ಕೇಳಿದಳು: “ನಾಳೆ ನಮ್ಮೋರಿಗೆ ಏನಾನ ಆದ್ರೆ, ಆ ಮುನಿಯಪ್ಪ ಬದುಕವ್ನೆ, ನಿಮ್ಮೋರು ಸತ್ತಿಲ್ಲ ಅಂದ್ಬುಡ್ತೀರಾ?”

ವಿಚಾರಿಸಿ ಹೇಳುತ್ತೇನೆ ಎಂದು ಅವಳನ್ನು ಕಳಿಸಿದೆ. ಅವಳು ಹೋದ ಮೇಲೆ ಚೌಡಪ್ಪನವರು ತಮ್ಮ ಕುರ್ಚಿಯನ್ನು ನನ್ನ ಮೇಜಿನ ಹತ್ತಿರ ಎಳೆದುಕೊಂಡರು. “ಆ ಬೇತಮಂಗ್ಲದೋನು ನಂಗೊತ್ತು ಕಣಮ್ಮ. ಕಲ್ಲುಗುಂಡಿದ್ದಂಗವ್ನೆ, ದಿನಾ ಡೈರಿಗೆ ಆಲು ಆಕ್ತಾನೆ. ಇಬ್ರೂ ಜೀವಂತ್ವಾಗವ್ರೆ, ನೀನು ಒಬ್ಬನ್ನ ಇಲ್ಲ ಅನ್ನಿಸ್ಬುಟ್ಟೆ.”

ಸಾಹೇಬರ ಹತ್ತಿರ ಓಡಿದೆ. ಷರಾದ ಜಾಗ ಒಂದನ್ನು ಉಳಿಸಿಕೊಡಿ ಎಂದು ಬೇಡಿದೆ. “ಇಡೀ ದೇಶಕ್ಕೆ ಒಂದೇ ನಮೂನೆ ಮೇಡಂ, ನಿಮ್ಮ ಊರಿಗೊಂದು ಬೇರೆ ಮಾಡೋಕಾಗುತ್ತಾ? ಸರಿಯಾದ ಮನೆತನದ ಹೆಸರು ಹಾಕಿ, ತಾನೇ ಬೇರೆ ಆಗ್ತಾರೆ” ಎಂದರು. ಇಲ್ಲದ ಹೆಸರನ್ನು ಎಲ್ಲಿಂದ ತರಲಿ? ಅಳು ಬರುವುದೊಂದು ಬಾಕಿ. ಚೌಡಪ್ಪನವರು ನಿಧಾನಕ್ಕೆ ಕಡಲೆಕಾಯಿ ಸುಲಿಯುತ್ತಾ ಹೇಳಿದರು: “ಆ ಚುಕ್ಕೆ ಐತಲ್ಲ, ಆ ಜಾಗ್ದಾಗೆ ಊರು ಆಕಮ್ಮ. ಮನೆತನ ಇಲ್ದೋರು ಇರ್ಬೋದು, ಊರಿಲ್ದೋರು ಯಾರವ್ರೆ?”

ನಿಯಮಕ್ಕೆ ವಿರುದ್ಧ ಎಂದು ಗೊತ್ತಿತ್ತು. ಸಿಕ್ಕಿಬಿದ್ದರೆ ನನಗೆ ಬರಬೇಕಿದ್ದ ಬಡ್ತಿಗೆ ಎಳ್ಳುನೀರು ಎಂದೂ ಗೊತ್ತಿತ್ತು. ಆದರೂ ಕೂತೆವು. ಗುರುವಾರ, ಶುಕ್ರವಾರ, ಶನಿವಾರ. ಹಳೆಯ ಯಂತ್ರದಿಂದ ಷರಾಗಳನ್ನೆಲ್ಲ ಅಂಚಿಗೆ ತೂತಿರುವ ಉದ್ದನೆಯ ಕಾಗದದಲ್ಲಿ ಪ್ರಿಂಟು ಹಾಕಿದೆ. ಅವರು ಓದಿದರು, ನಾನು ಕೂಡಿಸಿದವರನ್ನೆಲ್ಲ ಬಿಡಿಸಿ ಚುಕ್ಕೆ ಅಳಿಸಿ ಊರು ಬರೆದೆ, ಪ್ರತಿ ಸಾಲಿಗೂ ನೀಲಿ ‘ಚೌ’ ಬಿತ್ತು. ಶನಿವಾರ ಮಧ್ಯಾಹ್ನ ಹಸಿರು ಅಕ್ಷರಗಳು ಆರಿದವು. ಚೌಡಪ್ಪನವರು ಆ ಹಳೆಯ ಪೆಟ್ಟಿಗೆಯ ತಲೆ ಸವರಿ, “ಒಳ್ಳೇ ಎತ್ತಿನಂಗೆ ದುಡೀತು” ಎಂದರು.

ಫಜೀತಿ ಶುರುವಾದದ್ದು ಆಮೇಲೆ. ಹೊಸ ವರ್ಷಕ್ಕೆ ಹೆಡ್ಡಾಫೀಸಿನ ಯಂತ್ರ ಎಲ್ಲರಿಗೂ ಶುಭಾಶಯದ ಪತ್ರ ಕಳಿಸಿತು, ‘ಪ್ರಿಯ ಶ್ರೀ ಮೈಸೂರು ಮೈನ್ಸ್ ಅವರೇ’ ಎಂದು! ‘ಪ್ರಿಯ ಶ್ರೀ ಬೇತಮಂಗಲ ಅವರೇ’ ಎಂದು! ಇಡೀ ಊರು ನಕ್ಕಿತು. ಮುನಿಯಮ್ಮ ಬಂದು ತನ್ನ ಗಂಡ ಹೇಳಿದ್ದನ್ನು ವರದಿ ಮಾಡಿದಳು: “‘ಪೂರಾ ಮೈನ್ಸೇ ನನ್ ಪೇರ್ಗೆ ಬರ್ದ್ಬುಟ್ರಾ’ ಅಂತ ನಗ್ತಾವ್ರಮ್ಮ. ಎಷ್ಟ್ ದಿನ ಆಗಿತ್ತೋ ಅವ್ರು ನಕ್ಕು.” ಹೆಡ್ಡಾಫೀಸಿನವರು ನಗಲಿಲ್ಲ. ನನಗೆ ಮೆಮೋ ಬಂತು. ಉತ್ತರವನ್ನೂ ಚೌಡಪ್ಪನವರೇ ಹೇಳಿಕೊಟ್ಟರು: “ನಮ್ಮ ಗಡಿ ಕಡೆ ಜನಕ್ಕೆ ಇಂಟಿಪೇರು ಅಂತ ಇರ್ತೈತೆ, ಮನೆ ಎಸ್ರು. ಇದು ಅದೇ ಅಂತ ಬರ್ದಾಕು.” ಶುದ್ಧ ಸುಳ್ಳು. ಬರೆದೆ. ಅದಕ್ಕೂ ನೀಲಿ ‘ಚೌ’ ಬಿತ್ತು. ಹೆಡ್ಡಾಫೀಸು ಒಪ್ಪಿಕೊಂಡಿತೋ, ಮರೆತೇಬಿಟ್ಟಿತೋ, ಮತ್ತೆ ಯಾರೂ ಕೇಳಲಿಲ್ಲ. ಬಡ್ತಿಯನ್ನೂ ಮರೆತರು ಅನ್ನಿ.

ಆ ಬೇಸಿಗೆಯಲ್ಲಿ ಮುನಿಯಪ್ಪ ತೀರಿಕೊಂಡ. ಮುನಿಯಮ್ಮ ಬಂದಾಗ ಪರದೆಯಲ್ಲಿ ಅವನ ಹೆಸರು ಊರಿನ ಸಮೇತ ತಾನೇತಾನಾಗಿ ನಿಂತಿತ್ತು. ಯಾವ ಮುನಿಯಪ್ಪ ಎಂದು ಅವಳನ್ನು ಯಾರೂ ಕೇಳಬೇಕಾಗಲಿಲ್ಲ. ಅವಳ ಕೆಲಸ ವಾರದಲ್ಲಿ ಮುಗಿಯಿತು. ಹೋಗುವ ಮುಂಚೆ ಪರದೆಯ ಮೇಲಿನ ಆ ಸಾಲನ್ನು ಬೆರಳಿನಿಂದ ಒಮ್ಮೆ ಮುಟ್ಟಿ ಕಣ್ಣಿಗೊತ್ತಿಕೊಂಡಳು.

ಮರುವರ್ಷ ಚೌಡಪ್ಪನವರು ನಿವೃತ್ತರಾದರು. ಕೆಂಪು-ನೀಲಿ ಪೆನ್ಸಿಲನ್ನು ನನ್ನ ಮೇಜಿನ ಮೇಲಿಟ್ಟು, “ಕೆರೆ ಕೋಡಿ ಬಿದ್ದಾಗ ಬೇತಮಂಗ್ಲಕ್ಕೆ ಬಾರಮ್ಮ, ನೋಡೋಂಗಿರ್ತದೆ” ಎಂದರು. ಬರುತ್ತೇನೆ ಎಂದೆ. ಬಂಗಾರಪೇಟೆಯಿಂದ ಬೇತಮಂಗಲ ಏನು ಕಾಶಿಯೇ? ಬಸ್ಸು ಹತ್ತಿದ್ದರೆ ಆಗುತ್ತಿತ್ತು. ಈ ವರ್ಷ, ಬರುವ ವರ್ಷ ಎನ್ನುತ್ತಲೇ ಉಳಿದೆ. ಅವರು ಹೋದ ಸುದ್ದಿ ನನಗೆ ತಿಳಿದದ್ದು ತಿಥಿಯೂ ಕಳೆದ ಮೇಲೆ. ಕೆರೆ ಎಷ್ಟು ಸಲ ಕೋಡಿ ಬಿತ್ತೋ, ನಾನು ನೋಡಲಿಲ್ಲ. ಹೊಸ ಯಂತ್ರದಲ್ಲಿ ‘ನೋಡಿದವರು’ ಎಂಬ ಜಾಗವೂ ಇರಲಿಲ್ಲ. ನಾನು ನಿವೃತ್ತಳಾಗುವ ತನಕ ಏನು ಬರೆದರೂ ಬಲಗಡೆ ಖಾಲಿಯೇ ಇದೆ ಅನ್ನಿಸುತ್ತಿತ್ತು. ಈಗ ಮೈನ್ಸೂ ನಿಂತಿದೆ, ನಮ್ಮ ಶಾಖೆಯೂ ಅಲ್ಲಿಲ್ಲ. ಆದರೂ ಬೆಳಗಿನ ರೈಲು ಕೂಗಿದಾಗ ಆ ಪಕ್ಕದ ಮೇಜು ನೆನಪಾಗುತ್ತದೆ.

ಮದುವೆ ಕಾಗದದಲ್ಲಿದ್ದ ನಂಬರಿಗೆ ಫೋನು ಮಾಡಿದೆ. ಮುನಿಯಮ್ಮನೇ ಸಿಕ್ಕಳು. ದನಿ ನಡುಗುತ್ತಿತ್ತು, ಗುರುತು ಮಾತ್ರ ತಕ್ಷಣ ಹಿಡಿದಳು. ನಮ್ಮ ಆಫೀಸಿನ ಕಾಗದ ತೋರಿಸಿ ರೇಷನ್ ಕಾರ್ಡು ಮಾಡಿಸಿದರಂತೆ, ರೇಷನ್ ಕಾರ್ಡು ತೋರಿಸಿ ಮೊಮ್ಮಗಳನ್ನು ಸ್ಕೂಲಿಗೆ ಹಾಕಿದರಂತೆ. ಹಾಗೆ ಹೆಸರು ಮನೆಮಂದಿಗೆಲ್ಲ ಅಂಟಿಕೊಂಡಿತು.

“ತಪ್ಪು ನಂದೇ ಮುನಿಯಮ್ಮ. ಯಾಕೆ ತಿದ್ದಿಸಲಿಲ್ಲ?”

“ಯಾಕಮ್ಮ ತಿದ್ದಿಸ್ಬೇಕು? ಅಲ್ಲಿ ಮೈನ್ಸ್‌ನೋರ್ ಕೊಟ್ಟಿದ್ದ ನಮ್ ಲೈನ್ ಮನೇನೂ ಇಲ್ಲ, ಅವ್ರೂ ಇಲ್ಲ. ಪೇರ್ನಾಗಾನ ಇರ್ಲಿ.” ಆಮೇಲೆ ಅವಳೇ ಕೇಳಿದಳು: “ಆ ಪೆನ್ಸಿಲ್ ಅಯ್ಯನೋರು ಚೆಂದಾಗವ್ರಾ? ಅವ್ರಿಗೂ ಒಂದು ಕಾಗ್ದ ಎತ್ತಿ ಮಡಗಿವ್ನಿ. ಅಡ್ರೆಸ್ ಗೊತ್ತಿಲ್ಲ.”

ಅವರು ಈಗಿಲ್ಲ ಎಂದು ಹೇಳಬೇಕಿತ್ತು. ಮದುವೆಮನೆಯ ಫೋನಿನಲ್ಲಿ ಆ ಮಾತು ನಾಲಿಗೆಗೆ ಬರಲಿಲ್ಲ. “ನನ್ನ ಕೈಲಿ ಕೊಡು, ನಾನು ತಲುಪಿಸ್ತೀನಿ” ಎಂದೆ.

ಭಾನುವಾರ ಹೊಸೂರಿಗೆ ಹೋಗುತ್ತಿದ್ದೇನೆ. ಕಾಗದ ಈಸಿಕೊಂಡು ಬಂದು ಮಾರನೆಯ ದಿನವೇ ಬೇತಮಂಗಲದ ಬಸ್ಸು, ಈ ಸಲ ಕೆರೆ ತುಂಬಿರಲಿ ಬಿಡಲಿ. ಮದುವೆಗೆಂದು ತಂದ ಸೀರೆಯ ಪೊಟ್ಟಣದ ಮೇಲೆ ಹುಡುಗಿಯ ಹೆಸರನ್ನು ಮೈಸೂರು ಮೈನ್ಸ್ ಸಮೇತ ದುಂಡಗೆ ಬರೆದೆ. ಎಡಗಡೆ ಕೆಳಗೆ ನನ್ನ ಸಹಿ ಹಾಕಿದೆ. ಆಮೇಲೆ ಡ್ರಾಯರಿನಿಂದ ಬೆರಳುದ್ದದ ಪೆನ್ಸಿಲು ಹುಡುಕಿ ತೆಗೆದು, ಬಲಗಡೆ ನೀಲಿಯಲ್ಲಿ ‘ಚೌ’ ಎಂದು ಬರೆದೆ.