ಸರಸ್ವತಿಯ ಮುಂದಿಟ್ಟ ವಿಷಯಪಟ್ಟಿ

ಡೊಂಬಿವಲಿಯ ನಮ್ಮ ಮನೆಯಲ್ಲಿ ಇದ್ದದ್ದು ಒಂದು ಕೋಣೆ, ಒಂದು ಅಡುಗೆಮನೆ. ಅಷ್ಟರಲ್ಲೇ ಅತ್ತೆ, ನನ್ನವರು, ಅವರ ತಂಗಿ, ನಾನು. ಅಡುಗೆಮನೆಯ ಕಿಟಕಿ ಪೂರ್ವಕ್ಕಿತ್ತು. ದೇವರ ಗೂಡೂ ಅಲ್ಲೇ ಇದ್ದುದರಿಂದ ನಾನು ದೀಪ ಹಚ್ಚುವ ಹೊತ್ತಿಗೆ ಬಿಸಿಲೂ ಬಂದು ದೇವರ ಮುಂದೆ ಕೂರುತ್ತಿತ್ತು. ಆ ಊರಿನಲ್ಲಿ ಎಷ್ಟು ಮನೆಗೆ ಪೂರ್ವದ ಕಿಟಕಿ ಇದೆ ಹೇಳಿ. ಇದೊಂದು ಕೊಟ್ಟಿದ್ದಾನಲ್ಲ ಎಂದು ದಿನವೂ ಕೈ ಮುಗಿಯುತ್ತಿದ್ದೆ.

ನನ್ನ ನಾದಿನಿ ನವಿಮುಂಬಯಿಯ ಒಂದು ಇಂಜಿನಿಯರಿಂಗ್ ಕಾಲೇಜಿನಲ್ಲಿ ಕಂಪ್ಯೂಟರ್ ಪಾಠ ಹೇಳುತ್ತಿದ್ದಳು. ಠಾಣೆಯವರೆಗೆ ಲೋಕಲ್, ಅಲ್ಲಿಂದ ತುರ್ಭೆಯ ಕಾರ್ಖಾನೆಗಳನ್ನು ದಾಟಿ ಹೋಗುವ ಬಸ್ಸು. ಸಂಜೆ ಬರುವಾಗ ಸೀರೆಗೆಲ್ಲ ಆ ರಸ್ತೆಯ ಔಷಧದಂಥ ವಾಸನೆ. ಇದರ ಮೇಲೆ ಪಿಎಚ್.ಡಿ. ಕನ್ನಡ, ಮರಾಠಿ ಪುಸ್ತಕಗಳನ್ನು ಕಂಪ್ಯೂಟರು ತಾನೇ ಹುಡುಕಿಕೊಡುವ ಹಾಗೆ ಮಾಡುವುದು ಅವಳ ಸಂಶೋಧನೆ. ಒಂದೇ ಹೆಸರನ್ನು ಒಬ್ಬೊಬ್ಬರು ಒಂದೊಂದು ರೀತಿ ಬರೆದಿದ್ದರೂ ಪುಸ್ತಕ ಸಿಗಬೇಕು. ನನಗೆ ತಿಳಿದದ್ದು ಇಷ್ಟೇ.

ಹಿಂದಿನ ವರ್ಷ ಒಂದು ಸಮ್ಮೇಳನಕ್ಕೆ ಅವಳು ಕಳಿಸಿದ ಲೇಖನ ವಾಪಸು ಬಂದಿತ್ತು. ಲೇಖನದ ತಲೆಯ ಮೇಲೆ ಅದು ಯಾವ ವಿಷಯದ್ದು ಎಂದು ಒಂದು ಸಂಖ್ಯೆ ಹಾಕಬೇಕಂತೆ. ಇವಳು ಹಾಕಿದ ಸಂಖ್ಯೆ ನೋಡಿ, ಸಮ್ಮೇಳನದವರು ಅದನ್ನು ಯಂತ್ರಕ್ಕೆ ಮನುಷ್ಯರ ಭಾಷೆ ಕಲಿಸುವ ವಿದ್ವಾಂಸರ ಕೈಗೆ ಕೊಟ್ಟರು. ಅವರು ‘ಇದು ನಮ್ಮ ವಿಷಯವಲ್ಲ’ ಎಂದು ಒಂದೇ ಸಾಲು ಬರೆದು ತಿರುಗಿಸಿಬಿಟ್ಟರು. ಹುಡುಗಿ ಆ ರಾತ್ರಿ ಊಟ ಮಾಡಲಿಲ್ಲ. ಒಂದಾದರೂ ಲೇಖನ ಅಚ್ಚಾಗದೆ ಥೀಸಿಸ್ ಒಪ್ಪಿಸುವ ಹಾಗಿಲ್ಲವೆಂದು ಅವಳ ಗೈಡು ಹೇಳಿದ್ದರು.

ಅದಾದ ಮೇಲೆ ಕಾಲೇಜಿನ ಲೈಬ್ರರಿಯಿಂದ ಆ ಸಂಖ್ಯೆಗಳ ಪಟ್ಟಿಯನ್ನೇ ಝೆರಾಕ್ಸ್ ಮಾಡಿಸಿ ತಂದಿದ್ದಳು. ಪ್ರಪಂಚದಲ್ಲಿ ಕಂಪ್ಯೂಟರಿನ ಮೇಲೆ ನಡೆಯುವ ಸಂಶೋಧನೆಯನ್ನೆಲ್ಲ ಎ ಯಿಂದ ಕೆ ವರೆಗೆ ವಿಂಗಡಿಸಿ ಇಟ್ಟಿದ್ದರು. ಯಂತ್ರದ ಮೈ ಒಂದು ಅಕ್ಷರಕ್ಕೆ, ಅದಕ್ಕೆ ಬರೆಯುವ ಆಜ್ಞೆಗಳು ಇನ್ನೊಂದಕ್ಕೆ, ಗಣಿತ ಮತ್ತೊಂದಕ್ಕೆ. ಒಂದೊಂದರ ಹೊಟ್ಟೆಯಲ್ಲೂ ಅಂಕಿಗಳು, ಆ ಅಂಕಿಗಳ ಹೊಟ್ಟೆಯಲ್ಲಿ ಮತ್ತೆ ಅಂಕಿಗಳು. ಮುಸುರೆಯ ಪಾತ್ರೆ ಎಲ್ಲಿ, ಮಡಿಯ ಪಾತ್ರೆ ಎಲ್ಲಿ, ಏಕಾದಶಿಗೆ ಆಗುವ ಸಾಮಾನು ಎಲ್ಲಿ ಎಂದು ದಿನವಿಡೀ ನೋಡುವ ನನಗೆ ಅದು ಹೊಸದೆನಿಸಲಿಲ್ಲ.

“ಯಾವುದಕ್ಕೂ ಸೇರದ್ದು ಬಂದ್ರೆ ಎಂತ ಮಾಡ್ತಾರೆ?” ಎಂದು ಕೇಳಿದೆ.

“ಪ್ರತಿಯೊಂದರ ಕೊನೆಗೆ ‘ಇತರೆ’ ಅಂತ ಒಂದುಂಟು ಅತ್ತಿಗೆ.”

ಪುಣ್ಯವಂತರು, ಯಾರನ್ನೂ ಹೊರಗೆ ನಿಲ್ಲಿಸಿಲ್ಲ ಎಂದುಕೊಂಡೆ.

ನವರಾತ್ರಿ ಬಂತು. ನಮ್ಮಲ್ಲಿ ಮೂಲಾ ನಕ್ಷತ್ರದ ದಿನ ಪುಸ್ತಕಗಳನ್ನು ಸರಸ್ವತಿಯ ಮುಂದೆ ಇಟ್ಟರೆ ದಶಮಿಯವರೆಗೆ ಯಾರೂ ಓದುವ ಹಾಗಿಲ್ಲ. ಆ ವರ್ಷ ನಾದಿನಿಗೆ ಥೀಸಿಸಿನ ಅವಸರ. ಎಲ್ಲ ಪುಸ್ತಕ ಇಟ್ಟರೆ ತನ್ನ ಗತಿ ಏನು ಎಂದು ಅವಳು ಅಳುಮುಖ ಮಾಡಿದಳು. ಅತ್ತೆಯೇ ದಾರಿ ತೋರಿಸಿದರು.

“ಆ ಪಟ್ಟಿಯಲ್ಲಿ ನಿನ್ನ ವಿದ್ಯೆಯ ಎಲ್ಲ ಹೆಸರೂ ಉಂಟು ಅಂದೆಯಲ್ಲ? ಅದೊಂದನ್ನು ಇಡು. ಎಲ್ಲ ಇಟ್ಟ ಹಾಗೇ ಆಯ್ತು. ಉಳಿದದ್ದು ನಿನ್ನ ಹತ್ರ ಇರ್ಲಿ.”

ನನ್ನವರು ವಾಗ್ಳೆ ಎಸ್ಟೇಟಿನ ಕಾರ್ಖಾನೆ ಕೆಲಸದಿಂದ ಬಂದು ಇದನ್ನು ಕೇಳಿ, “ಅಮ್ಮ ಸರಸ್ವತಿಗೇ ಕನ್ಸೆಷನ್ ಪಾಸ್ ಮಾಡಿಸಿದ್ಲು” ಎಂದು ನಕ್ಕರು. ಪಟ್ಟಿ ಗೂಡಿನಲ್ಲಿ ಕೂತಿತು. ನಾನು ಅದರ ಮೇಲೆ ಅರಿಸಿನ ಕುಂಕುಮ ಇಟ್ಟು ಶೇವಂತಿಗೆ ಏರಿಸಿದೆ.

ಮರುದಿನ ಮಧ್ಯಾಹ್ನದ ಟಪಾಲಿನಲ್ಲಿ ಕಾಗದ ಬಂತು. ನಾದಿನಿ ಈ ಸಲ ಪುಣೆಯ ಒಂದು ಸಮ್ಮೇಳನಕ್ಕೆ ಲೇಖನ ಕಳಿಸಿದ್ದಳು. ಹಿಂದಿನ ಸಲದ ಹೆದರಿಕೆಗೆ ವಿಷಯದ ಸಂಖ್ಯೆಯ ಜಾಗವನ್ನೇ ಖಾಲಿ ಬಿಟ್ಟಿದ್ದಳಂತೆ ಮಹಾತಾಯಿ. ‘ಸಂಖ್ಯೆ ಇಲ್ಲದೆ ಯಾರಿಗೆ ಪರಿಶೀಲನೆಗೆ ಕೊಡಬೇಕೆಂದು ತಿಳಿಯುವುದಿಲ್ಲ. ದಸರೆಯ ಮರುದಿನದೊಳಗೆ ತಲುಪದಿದ್ದರೆ ಲೇಖನ ಬಿಟ್ಟುಹೋಗುತ್ತದೆ’ ಎಂದು ಬರೆದಿದ್ದರು. ಅಂದೇ ಟಪಾಲಿಗೆ ಹಾಕಬೇಕು. ಕಾಲೇಜಿಗೆ ರಜೆ, ಲೈಬ್ರರಿಗೆ ಬೀಗ. ಪಟ್ಟಿ ನೋಡಿದರೆ ಹೂವಿನ ಕೆಳಗೆ.

ಅವಳು ಗೂಡಿನ ಮುಂದೆ ನಿಂತು ನನ್ನ ಮುಖ ನೋಡಿದಳು. ನಾನು ಅತ್ತೆಯ ಮುಖ ನೋಡಿದೆ. ನನಗಂತೂ ಕೈ ಮುಂದೆ ಹೋಗಲಿಲ್ಲ. ಇಟ್ಟ ಪುಸ್ತಕ ನಡುವೆ ತೆಗೆದರೆ ವಿದ್ಯೆ ಹತ್ತುವುದಿಲ್ಲ ಎಂದು ಚಿಕ್ಕಂದಿನಿಂದ ಕೇಳಿದವಳು ನಾನು. ಅತ್ತೆ ಕಾಲು ಚಾಚಿ ಹೂಬತ್ತಿ ಹೊಸೆಯುತ್ತಿದ್ದರು.

“ಅಮ್ಮಾ, ಆ ಪಟ್ಟಿ ಬೇಕಿತ್ತು.”

“ಮನೆ ತುಂಬ ಕಾಗದ ಬಿದ್ದಿದೆ. ನಿಂಗೆ ದೇವರ ಹತ್ರ ಇಟ್ಟದ್ದೇ ಬೇಕಾ ಮಾರಾಯ್ತಿ?”

“ಅದನ್ನೇ ಇಡು ಅಂದದ್ದು ನೀನಲ್ವಾ!”

ಅತ್ತೆ ಬತ್ತಿ ಕೆಳಗಿಟ್ಟರು. ಏನಾಗಿದೆ ಎಂದು ಕೇಳಿದರು. ನಾದಿನಿ ಕಾಗದವನ್ನು ಪೂರ್ತಿ ಕನ್ನಡದಲ್ಲಿ ಹೇಳಿದಳು. ಅತ್ತೆ ಗೂಡಿನಲ್ಲಿದ್ದ ಪಟ್ಟಿಯ ಕಡೆ ನೋಡಿದರು.

“ಅದರಲ್ಲಿ ಓದ್ಲಿಕ್ಕೆ ಎಂತ ಉಂಟು?”

“ಓದ್ಲಿಕ್ಕೆ ಎಂತದೂ ಇಲ್ಲ. ಯಾವ ವಿಷಯ ಯಾವ ನಂಬರಿನಲ್ಲಿ ಉಂಟು ಅಂತ ನೋಡ್ಲಿಕ್ಕೆ ಮಾತ್ರ.”

“ಹಾಗಾದ್ರೆ ಅದು ಓದುದಲ್ಲ, ಹುಡುಕುದು. ಬೆಳಿಗ್ಗೆ ನಿನ್ನ ಅತ್ತಿಗೆ ಪಂಚಾಂಗ ತೆಗೆದು ತಿಥಿ ನೋಡ್ಲಿಲ್ವಾ? ಅದನ್ನು ಯಾರಾದ್ರೂ ಓದು ಅಂತಾರಾ?” ಎಂದರು. “ಆದ್ರೆ ಅಲ್ಲಿಂದ ಎಬ್ಬಿಸಬೇಡ. ಇದ್ದಲ್ಲೇ ಪುಟ ತಿರುಗಿಸು. ಮೊದಲು ಸ್ನಾನ ಮಾಡಿ ಬಾ ಹೆಣ್ಣೇ, ಈ ಸೀರೆಯಲ್ಲಿ ಬೇಡ.”

ನನ್ನ ಎದೆಯ ಮೇಲಿದ್ದ ಭಾರ ಇಳಿಯಿತು. ನಲ್ಲಿಯಲ್ಲಿ ನೀರು ಬರುವ ಹೊತ್ತಲ್ಲ, ಆದರೂ ಪೀಪಾಯಿಯಲ್ಲಿ ಒಂದು ಸ್ನಾನಕ್ಕಾಗುವಷ್ಟು ಉಳಿದಿತ್ತು. ಅದನ್ನು ಉಳಿಸಿದವರು ಯಾರು ಎಂದು ನಾನು ಕೇಳಿಕೊಳ್ಳಲಿಲ್ಲ, ಗೂಡಿನ ಕಡೆ ಒಮ್ಮೆ ಕೈ ಮುಗಿದೆ.

ಒದ್ದೆ ಕೂದಲಿಗೆ ಟವೆಲು ಸುತ್ತಿಕೊಂಡು ಅವಳು ಗೂಡಿನ ಮುಂದೆ ಮೊಣಕಾಲೂರಿದಳು. ನಾನು ಹೂಗಳನ್ನು ಅಂಗೈಯಲ್ಲಿ ಹಿಡಿದು ಪಕ್ಕದಲ್ಲಿ ನಿಂತೆ. ಅವಳು ಪುಟ ಮಗುಚುತ್ತಿದ್ದಳು, ಬೆರಳಿಗೆ ಕುಂಕುಮ ಹತ್ತುತ್ತಿತ್ತು. ಐ ಯಲ್ಲಿ ಹೋದ ವರ್ಷದ ಸಂಖ್ಯೆ. ಹೆಚ್ ನಲ್ಲಿ ಮಾಹಿತಿ ಕೂಡಿಟ್ಟು ಹುಡುಕಿಕೊಡುವ ವಿಷಯ. ಎರಡರ ನಡುವೆ ಹಿಂದೆ ಮುಂದೆ ಹೋದಳು.

“ಇತರೆ ಅಂತ ಹಾಕಿಬಿಡ್ಲಾ ಅತ್ತಿಗೆ? ಅಲ್ಲಿ ಹಾಕಿದ್ರೆ ನಮ್ಮದಲ್ಲ ಅಂತ ಯಾರೂ ಓಡಿಸುದಿಲ್ಲ.”

“ಆಮೇಲೆ ಅದನ್ನು ಯಾರು ನೋಡ್ತಾರೆ?”

ಅವಳು ಪುಟದ ಮೇಲೆ ಕೈಯಿಟ್ಟು ಕೂತಳು. ಹೊರಗೆ ಗರ್ಬಾದ ಪೆಂಡಾಲಿನವರು ಸ್ಪೀಕರ್ ಹಚ್ಚಿ ‘ಹಲೋ, ಹಲೋ’ ಎನ್ನುತ್ತಿದ್ದರು.

“ಯಾರೂ ನೋಡುದಿಲ್ಲ” ಎಂದಳು ಕೊನೆಗೆ. “ಹೋದ ವರ್ಷ ನಾನು ದೊಡ್ಡ ಮನೆಗೆ ಸೇರ್ಲಿಕ್ಕೆ ಹೋದೆ ಅತ್ತಿಗೆ. ಯಂತ್ರಕ್ಕೆ ಭಾಷೆ ಕಲಿಸುದು ಅಂದ್ರೆ ಎಲ್ಲರೂ ಕಣ್ಣರಳಿಸ್ತಾರೆ. ನನ್ನ ಕೆಲಸ ಬೇಕಾಗುದು ಲೈಬ್ರರಿಯವರಿಗೆ. ಅವರು ಬಂದು ನೋಡುದು ಹೆಚ್ ನಲ್ಲಿ. ಹೆಚ್ ಮೂರು.”

ಅತ್ತೆ ಹಿಂದಿನಿಂದ, “ಸಿಕ್ಕಿದ್ರೆ ನಮಸ್ಕಾರ ಮಾಡಿ ಏಳು. ಸರಸ್ವತಿ ಎಷ್ಟು ಹೊತ್ತು ಹೂವಿಲ್ಲದೆ ಕೂರುದು?” ಎಂದರು.

ಸಂಖ್ಯೆ ಬರೆಯಲು ಮಾತ್ರ ಅವಳನ್ನು ಎಲ್ಲ ಮನೆಗಳಿಗೂ ಸೇರಿದ ಹೊರಗಿನ ಗ್ಯಾಲರಿಗೆ ಕಳಿಸಿದರು. ದೇವರ ಎದುರು ಪೆನ್ನು ಹಿಡಿಯಬಾರದು, ಹೊರಗೆ ನಿಂತು ಕಾಗದ ಬರೆದರೆ ಅದು ವ್ಯವಹಾರ ಎಂದು ಅವರ ತೀರ್ಮಾನ. ಪಕ್ಕದ ಮನೆಯ ಮರಾಠಿ ಕಾಕೂ ತೋರಣಕ್ಕೆ ಚೆಂಡು ಹೂ ಪೋಣಿಸುತ್ತ, “ಕಾಯ್ ಗ, ಸಣಾಲಾ ಪಣ್ ಅಭ್ಯಾಸ?” ಎಂದು, ಹಬ್ಬಕ್ಕೂ ಓದೇನೇ ಎಂದು ಛೇಡಿಸಿದರು. “ಇಲ್ಲ ಕಾಕೂ, ಬರೀ ವಿಳಾಸ” ಎಂದು ಇವಳು ಗೋಡೆಗೆ ಕಾಗದ ಒತ್ತಿ ಬರೆದಳು. ಸಂಜೆ ನಾವಿಬ್ಬರೂ ಲೋಕಲ್ ಹತ್ತಿ ಕಲ್ಯಾಣ ಸ್ಟೇಷನ್ನಿಗೆ ಹೋಗಿ, ರಾತ್ರಿಯ ಗಾಡಿಗೆ ಸೇರಲೆಂದು ಅಲ್ಲಿನ ರೈಲ್ವೆ ಅಂಚೆಯ ಕಿಟಕಿಯಲ್ಲಿ ಲಕೋಟೆ ಕೊಟ್ಟೆವು. ತಿರುಗಿ ಬರುವಾಗ ಇಬ್ಬರಿಗೂ ಕೂರಲು ಜಾಗ ಸಿಕ್ಕಿತು. ಹಬ್ಬದ ಗದ್ದಲದಲ್ಲಿ ಅದೂ ಸಣ್ಣದಲ್ಲ.

ಆಮೇಲೆ ಕಾಯುವುದು. ಅವಳು ಬಾಯಿ ಬಿಟ್ಟು ಹೇಳದಿದ್ದರೂ ಅಂಚೆಯವನ ಸೈಕಲ್ಲಿನ ಸದ್ದಿಗೆ ಕತ್ತು ತಿರುಗುತ್ತಿತ್ತು. ನಾನು ದಿನವೂ ತುಳಸಿಗೆ ಒಂದು ಸುತ್ತು ಹೆಚ್ಚು ಹಾಕಿದೆ. ಚಳಿ ಶುರುವಾಗುವ ಹೊತ್ತಿಗೆ ಕಾಗದ ಬಂತು: ಎರಡು ಕಡೆ ತಿದ್ದಿಕೊಡಿ, ಅಚ್ಚು ಹಾಕುತ್ತೇವೆ. ಅತ್ತೆ ಅಂದು ಪಾಯಸಕ್ಕೆ ತಾವೇ ಕೂತು ಕಾಯಿ ತುರಿದರು.

ಅಚ್ಚಾದ ಪುಸ್ತಕ ಬಂದದ್ದು ಮತ್ತೂ ಕೆಲವು ತಿಂಗಳ ಮೇಲೆ. ಇಟ್ಟಿಗೆಯಷ್ಟು ದಪ್ಪ. ನಾದಿನಿ ಅದನ್ನು ನನ್ನ ಮಡಿಲಿಗೆ ಹಾಕಿ, “ನನ್ನನ್ನು ಹುಡುಕಿ ನೋಡುವ ಅತ್ತಿಗೆ” ಎಂದಳು. ನನ್ನದು ಶಾಲೆಯಲ್ಲಿ ಕಲಿತಷ್ಟೇ ಇಂಗ್ಲಿಷು. ಹಿಂದಿನ ಪುಟಗಳಲ್ಲಿ ಎ, ಬಿ, ಸಿ ಎಂದು ಅಕ್ಷರಗಳು, ಅವುಗಳ ಕೆಳಗೆ ಅಂಕಿಗಳು, ಅಂಕಿಗಳ ಕೆಳಗೆ ಹೆಸರುಗಳು. ಬೆರಳಿಟ್ಟುಕೊಂಡು ಇಳಿದೆ. ಹೆಚ್. ಒಂದು, ಎರಡು, ಮೂರು. ಅದರ ಕೆಳಗೆ ಯಾರು ಯಾರೋ ಗೊತ್ತಿಲ್ಲದವರು, ಅವರ ಮಧ್ಯೆ ನಮ್ಮ ಮನೆಯ ಹೆಸರು.

ಅಡುಗೆಮನೆಯಿಂದ ಅತ್ತೆ ಕೇಳಿದರು, “ಸಿಕ್ಕಿದ್ಲಾ?”

“ಸಿಕ್ಕಿದ್ಲು ಅತ್ತೆ” ಎಂದೆ. ಬೆರಳು ತೆಗೆಯಲು ಮನಸ್ಸಾಗಲಿಲ್ಲ.