ಬೀಗರ ವಂಶಕ್ಕೆ ನಾನು ಹಾಕಿದ ಕತ್ತರಿ

ನಮ್ಮ ಬೀಗತಿ, ಎಂದರೆ ಮಗನ ಅಮೆರಿಕನ್ ಅತ್ತೆ, ಹ್ಯೂಸ್ಟನ್ನಿನ ಸೈಪ್ರೆಸ್‌ನಲ್ಲಿದ್ದರು. ತೊಂಬತ್ತು ದಾಟಿದ ಅವರ ತಾಯಿ ಅಲ್ಲೇ ಹತ್ತಿರದ ನರ್ಸಿಂಗ್ ಹೋಮಿನಲ್ಲಿ ಹಾಸಿಗೆ ಹಿಡಿದಿದ್ದರು. ಅಮೆರಿಕ ಇನ್ನೂ ಇಂಗ್ಲೆಂಡಿನ ರಾಜನ ಕೈಯಲ್ಲಿದ್ದಾಗ ವರ್ಜೀನಿಯಾದಲ್ಲಿ ಜಮೀನು ಮಾಡಿದ ಒಬ್ಬ ಮನುಷ್ಯನ ನೇರ ಸಂತತಿ ತಾವು ಎಂದು ಆ ಮುದುಕಿ ಜೀವನವಿಡೀ ಹೇಳಿಕೊಂಡು ಬಂದವರು. ಆ ಮನುಷ್ಯನ ಮನೆತನದವರು ನಕ್ಕು, 'ಕಾಗದ ತೋರಿಸಿ' ಎನ್ನುತ್ತಿದ್ದರಂತೆ. ಸಾಯುವುದರೊಳಗೆ ತನ್ನ ಮಾತು ನಿಜವೆಂದು ಒಬ್ಬರಾದರೂ ಒಪ್ಪಲಿ, ಅಷ್ಟೇ ಅವರ ಆಸೆ.

ನಾನು ಸುಮ್ಮನಿರಬೇಕಿತ್ತು. ಆಗಷ್ಟೇ ರಿಟೈರ್ ಆದ ಪೆಥಾಲಜಿ ಡಾಕ್ಟರು. ಕೈಗೆ ಕೆಲಸವಿಲ್ಲ, ಬಾಯಿಗೆ ಬಿಡುವಿಲ್ಲ. 'ನನಗೆ ಬಿಡಿ, ಹುಡುಕಿ ಕೊಡುತ್ತೇನೆ' ಎಂದುಬಿಟ್ಟೆ. ಸೌತ್‌ಲೇಕ್‌ನ ನಮ್ಮ ಮನೆಯಲ್ಲಿ ಯಜಮಾನರು ತಲೆ ಚಚ್ಚಿಕೊಂಡರು. "ಸುಮ್ನ ಕೂಡಾಕ ಬರಂಗಿಲ್ಲೇನ ನಿನಗ? ಮಂದಿ ವಂಶ ತಗೊಂಡು ನೀ ಏನ ಮಾಡಾಕಿ?"

ಕೇಳಿದೆನೇ? ಇಲ್ಲ. ಎರಡು ವರ್ಷ ಉಯಿಲು, ಸತ್ತವರ ಆಸ್ತಿ ಪಾಲಾದ ಪಟ್ಟಿ, ಇವೇ ನನ್ನ ಪಾರಾಯಣ. ಮುದುಕಿಯಿಂದ ಹಿಂದಕ್ಕೆ ಎಲ್ಲ ಕೊಂಡಿಗಳೂ ಸಿಕ್ಕವು, ಕೊನೆಯದೊಂದನ್ನು ಬಿಟ್ಟು. ಆ ಮನುಷ್ಯ ತನ್ನ ಉಯಿಲಿನಲ್ಲಿ 'ನನ್ನ ಮಗನಿಗೆ' ಎಂದು ಹೆಸರು ಹೇಳಿ ಎರಡು ಹಸು, ಒಂದು ಕಬ್ಬಿಣದ ಹಂಡೆ, ಗರಿ ತುಂಬಿದ ಹಾಸಿಗೆ ಬರೆದಿದ್ದ. ಮುದುಕಿಯ ವಂಶ ಹಿಂದಕ್ಕೆ ಹೋಗಿ ನಿಂತದ್ದೂ ಅದೇ ಹೆಸರಿನವನ ಹತ್ತಿರ. ಆದರೆ ಅದೇ ಹೆಸರಿನ ಮಗ ಎರಡನೇ ವಯಸ್ಸಿಗೇ ತೀರಿಹೋದನೆಂದು ಚರ್ಚಿನ ಪುಸ್ತಕದಲ್ಲಿತ್ತು. ನನ್ನ ತಲೆ ಧಾರವಾಡದ್ದು. ನಮ್ಮಲ್ಲಿ ಅಣ್ಣತಮ್ಮಂದಿರ ಗಂಡುಮಕ್ಕಳೆಲ್ಲ ಅಜ್ಜನ ಹೆಸರಿನವರೇ; ತಮ್ಮನ ಮಗನೂ ಮಗನೇ. ಉಯಿಲಿನ ಈ 'ಮಗ' ತಮ್ಮನ ಮಗನಿರಬೇಕು ಎಂದು ತೀರ್ಮಾನಿಸಿದೆ. ಹಾಗಾದರೆ ಮುದುಕಿ ಆ ಮನುಷ್ಯನ ನೇರ ಸಂತತಿಯಲ್ಲ. ಫೋನ್ ಮಾಡಿ ಹೇಳಿಯೂಬಿಟ್ಟೆ.

ಬೀಗತಿ ತಾಯಿಯ ಬಳಿ ಹೋಗಿ, 'ಅಮ್ಮ, ಅದು ನಿಜವಲ್ಲವಂತೆ, ಇನ್ನಾದರೂ ಬಿಟ್ಟುಬಿಡು' ಎಂದರಂತೆ. ಅಂದಿನಿಂದ ಮುದುಕಿ ಗೋಡೆ ಕಡೆ ಮುಖ ಮಾಡಿ ಮಲಗಿಬಿಟ್ಟರು. ಹತ್ತು ದಿನಕ್ಕೆ ಬೀಗತಿಯ ಫೋನ್ ಬಂತು: 'ಒಂದು ಚಮಚ ಸೂಪ್ ಕೂಡ ಕುಡಿಯುತ್ತಿಲ್ಲ.'

ಯಾವ ಜನ್ಮದ ಪಾಪ ಕಟ್ಟಿಕೊಂಡೆನೋ ಎಂದು ಅಳುತ್ತಲೇ ಡ್ರೈವ್ ಮಾಡಿಕೊಂಡು ಆಸ್ಟಿನ್‌ಗೆ ಹೋದೆ. ಅಲ್ಲೊಂದು ದಾಖಲೆಗಳ ಲೈಬ್ರರಿ. ಮೂರು ದಿನ ಮೈಕ್ರೋಫಿಲಂ ತಿರುಗಿಸಿದೆ, ಕಣ್ಣು ಉರಿದವು, ಏನೂ ಸಿಗಲಿಲ್ಲ. ಕೊನೆಗೆ ಅಲ್ಲಿನ ಗುಮಾಸ್ತೆ ನನ್ನ ಟಿಪ್ಪಣಿ ಓದಿ ಕೇಳಿದಳು: 'ಈ ಹೆಸರಿನ ಮಕ್ಕಳು ಇಬ್ಬರಿರಬಹುದಲ್ಲ? ಆ ಕಾಲದಲ್ಲಿ ಮಗು ಸತ್ತರೆ ಮುಂದೆ ಹುಟ್ಟಿದ ಮಗುವಿಗೆ ಅದೇ ಹೆಸರು ಇಡುತ್ತಿದ್ದರು.'

ಅಯ್ಯೋ ಶಿವನೇ! ನಮ್ಮ ಮನೆಗಳಲ್ಲಿ ಸತ್ತ ಕೂಸಿನ ಹೆಸರನ್ನು ಬಾಯಿಬಿಟ್ಟು ಹೇಳುವುದೂ ಇಲ್ಲ. ಅದನ್ನೇ ಮತ್ತೆ ತೊಟ್ಟಿಲಿಗೆ ತರುವವರುಂಟೇ? ಇದ್ದರು. ಅದೇ ಚರ್ಚಿನ ಪುಸ್ತಕದಲ್ಲಿ, ನಾನು ಓದದೇ ಬಿಟ್ಟ ಮುಂದಿನ ಪುಟಗಳಲ್ಲಿ, ಅದೇ ತಂದೆಗೆ ಅದೇ ಹೆಸರಿನ ಎರಡನೇ ಮಗ ಹುಟ್ಟಿದ್ದ. ಎಲ್ಲರೆದುರಿಗೇ ಹಣೆ ಹಣೆ ಬಡಿದುಕೊಂಡೆ.

ಪ್ರತಿ ತೆಗೆಸಿಕೊಂಡು ನೆಟ್ಟಗೆ ಹ್ಯೂಸ್ಟನ್ನಿಗೆ ಓಡಿದೆ. ಮುದುಕಿಯ ಕಿವಿಯ ಹತ್ತಿರ ಬಾಗಿ ಎಲ್ಲವನ್ನೂ ಓದಿ ಹೇಳಿ, 'ನೀವು ಹೇಳಿದ್ದೇ ನಿಜ, ತಪ್ಪು ನನ್ನದು' ಎಂದೆ. ಅವರು ಮೆಲ್ಲನೆ ಇತ್ತ ಹೊರಳಿದರು.

'ನನ್ನ ಹೆಸರೂ ನಾನು ಹುಟ್ಟುವ ಮುಂಚೆ ಸತ್ತ ಅಕ್ಕನದೇ,' ಎಂದರು. 'ಕೇಳಿದ್ದರೆ ಹೇಳುತ್ತಿದ್ದೆ.'

ಬೀಗತಿ ಅಳುತ್ತ ಸೂಪಿನ ಚಮಚವನ್ನು ಅವರ ಬಾಯಿಯ ಹತ್ತಿರ ಹಿಡಿದರು. ಮುದುಕಿ ಮಗಳನ್ನೇ ನೋಡಿದರು.

'ಆ ಮನೆತನದವರಿಗೆ ಕಾಗದ ಬೇಕಿತ್ತು, ಸರಿ. ನಿನಗೂ ಬೇಕಾಯಿತೇ?'

ಸೂಪಿಗೆ ಬಾಯಿ ತೆರೆಯಲಿಲ್ಲ. ಮತ್ತೆ ಗೋಡೆಯ ಕಡೆ ತಿರುಗಿದರು.